ಅಜ್ಜಿಯ ಮನೆಗೆ ಯಾವ ಬೆಕ್ಕು? ಒಂದು ಪ್ರಕರಣ

ಬೀದಿಯಲ್ಲಿ ಸಿಕ್ಕ ಬೆಕ್ಕಿನ ಮರಿಗಳಿಗೆ ಮನೆ ಹುಡುಕಿಕೊಡುವ ಕೆಲಸವನ್ನು ನಾನು ಬಿಡುವಿದ್ದಾಗ ಮಾಡುತ್ತೇನೆ. ಬೆಂಗಳೂರಿನ ಪಶ್ಚಿಮ ಭಾಗದಲ್ಲೇ ಜಾಸ್ತಿ. ಕೊಟ್ಟ ಮರಿ ವಾಪಸ್ ಬಂದರೆ ಮೊದಲೆಲ್ಲ ತುಂಬಾ ಬೇಜಾರಾಗುತ್ತಿತ್ತು, ತಗೊಂಡವರ ಮೇಲೆ ಕೋಪವೂ ಬರುತ್ತಿತ್ತು. ಈ ಪ್ರಕರಣದಲ್ಲಿ ಮರಿಯನ್ನು ವಾಪಸ್ ಕೊಟ್ಟುಬಿಡಿ ಅಂತ ಕೇಳಿದ್ದು ನಾನೇ. ಯಾಕೆ ಕೇಳಿದೆ, ಆಮೇಲೆ ಏನಾಯಿತು ಅಂತ ಪೂರ್ತಿ ಬರೆಯುತ್ತೇನೆ. ಮನೆಯವರ ಒಪ್ಪಿಗೆ ಇದೆ. ಗುರುತು ಸಿಗಬಾರದು ಅಂತ ಬಡಾವಣೆ, ವಯಸ್ಸು, ಇನ್ನು ಕೆಲವು ವಿವರ ಬದಲಿಸಿದ್ದೇನೆ. ಅವರನ್ನು ಅಜ್ಜಿ ಅಂತಲೇ ಕರೆಯುತ್ತೇನೆ, ಮಗಳನ್ನು ಮಗಳು ಅಂತ.

ಹಿನ್ನೆಲೆ

ಅಜ್ಜಿಗೆ 70 ದಾಟಿದೆ. ರಾಜಾಜಿನಗರದ ಕಡೆ ಹಳೇ ಸ್ವಂತ ಮನೆ ಅಂತ ಇಟ್ಟುಕೊಳ್ಳಿ. ಕೆಳಗೆ ಬಾಡಿಗೆಯವರು, ಮೇಲೆ ಇವರೊಬ್ಬರೇ. ಯಜಮಾನರು ತೀರಿಕೊಂಡು ಒಂದೂವರೆ ವರ್ಷ ಆಗಿತ್ತು. ಮಗಳು ಇರುವುದು ವೈಟ್‌ಫೀಲ್ಡಿನಲ್ಲಿ. ಶನಿವಾರ ನೇರಳೆ ಮಾರ್ಗದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಬರುತ್ತಾರೆ, ಭಾನುವಾರ ಸಂಜೆ ಹೊರಡುತ್ತಾರೆ. ವಾರದ ಮಿಕ್ಕ ದಿನ ಅಜ್ಜಿ ಮಾತಾಡುವುದು ಮನೆಗೆಲಸದವರ ಜೊತೆ, ತರಕಾರಿ ಗಾಡಿಯವರ ಜೊತೆ, ಅಷ್ಟೇ. ಅಮ್ಮನಿಗೆ ಮನೆಯಲ್ಲಿ ಒಂದು ಜೀವ ಇರಲಿ ಅಂತ ಮಗಳಿಗೆ ಅನಿಸಿತು. ನಾಯಿ ಆದರೆ ದಿನಾ ಎರಡು ಹೊತ್ತು ಹೊರಗೆ ಕರೆದುಕೊಂಡು ಹೋಗಬೇಕು, ಅಮ್ಮನ ಮಂಡಿ ನೋವಿಗೆ ಅದು ಆಗಲ್ಲ. ಹಾಗಾಗಿ ಬೆಕ್ಕು.

ಆಗ ನನ್ನ ಹತ್ತಿರ ಒಂದೇ ಒಂದು ಮರಿ ಇತ್ತು. ಕಿತ್ತಳೆ ಬಣ್ಣದ ಗಂಡು. ನಿಂತ ಸ್ಕೂಟರಿನೊಳಗೆ ಸಿಕ್ಕಿಕೊಂಡು ಕಿರುಚುತ್ತಿದ್ದುದನ್ನು ಯಾರೋ ತಂದುಕೊಟ್ಟಿದ್ದರು, ತಾಯಿ ಗಾಡಿಗೆ ಸಿಕ್ಕಿ ಸತ್ತಿತ್ತಂತೆ. ಹಾಗೆ ಬಂದಾಗ ಅದಕ್ಕೆ ಸುಮಾರು 5 ವಾರ. ನನ್ನ ಮನೆಯಲ್ಲಿ ಎರಡು ವಾರ ಇತ್ತು. ಅಜ್ಜಿಯ ಮನೆಗೆ ಹೋದ ದಿನ ತೂಕ 680 ಗ್ರಾಂ. ಮರಿಗಳಿಗೆ ತಿಂಗಳಿಗೆ ಹತ್ತಿರ ಹತ್ತಿರ ಅರ್ಧ ಕಿಲೋ ಅಂತ ಲೆಕ್ಕ ಹಾಕಿದರೆ ವಯಸ್ಸು ಗೊತ್ತಾಗುತ್ತದೆ, ಹುಟ್ಟಿದಾಗಿನ ನೀಲಿ ಕಣ್ಣು ಬಣ್ಣ ಬದಲಿಸುವುದು 6-7ನೇ ವಾರದಲ್ಲಿ. ಇದರ ಕಣ್ಣು ಆಗ ತಾನೇ ಹಳದಿಗೆ ತಿರುಗುತ್ತಿತ್ತು.

ಮಗಳು ಫೋಟೋ ನೋಡಿ ಅದೇ ಬೇಕು ಅಂದರು. ನಾನು ಮನೆ ನೋಡಲು ಹೋದೆ. ಬಾಲ್ಕನಿಯ ಗ್ರಿಲ್ ಸರಳುಗಳ ಮಧ್ಯೆ ನಾಲ್ಕು ಇಂಚು ಜಾಗ ಇತ್ತು, ಮರಿ ಸಲೀಸಾಗಿ ಹೊರಗೆ ಹೋಗುತ್ತದೆ. ಕಬ್ಬಿಣದ ಜಾಲರಿ ಹಾಕಿಸಿ ಅಂದೆ, ಎರಡೇ ದಿನಕ್ಕೆ ಹಾಕಿಸಿದರು. (ಪಾರಿವಾಳಕ್ಕೆ ಅಂತ ಕಟ್ಟುವ ನೈಲಾನ್ ಬಲೆಯನ್ನು ನಂಬಬೇಡಿ. ಬೆಕ್ಕು ಅದನ್ನು ಕಚ್ಚಿ ತೂತು ಮಾಡುತ್ತದೆ. ಆರನೇ ಮಹಡಿಯಿಂದ ಬಿದ್ದ ಬೆಕ್ಕನ್ನು ನಾನೇ ಆಸ್ಪತ್ರೆಗೆ ಒಯ್ದಿದ್ದೇನೆ.) ಲಸಿಕೆ ಹಾಕಿಸುತ್ತೀರಾ, ಸಂತಾನ ಆಗದ ಹಾಗೆ ಆಪರೇಷನ್ ಮಾಡಿಸುತ್ತೀರಾ ಅಂತ ಕೇಳಿದೆ. ಎಲ್ಲದಕ್ಕೂ ಹೂಂ ಅಂದರು. ನಾನು ಸಹಿ ಹಾಕಿಸಿಕೊಂಡು ಮರಿ ಕೊಟ್ಟು ಬಂದೆ. ಸಂಕ್ರಾಂತಿ ಕಳೆದು ಒಂದು ವಾರ ಆಗಿತ್ತು. ಅಜ್ಜಿ ಅದಕ್ಕೆ ಪುಟ್ಟ ಅಂತ ಹೆಸರಿಟ್ಟರು.

ಅಜ್ಜಿಯ ದಿನ ಹೇಗಿರುತ್ತದೆ ಅಂತ ನಾನು ಕೇಳಲೇ ಇಲ್ಲ. ಏನು ಮಾತ್ರೆ ತಗೊಳ್ತಾರೆ, ಎಷ್ಟು ಹೊತ್ತಿಗೆ ಮಲಗುತ್ತಾರೆ, ಬಗ್ಗಲು ಆಗುತ್ತದಾ, ಮನೆಯಲ್ಲಿ ಮಾಂಸ ಮೀನು ಮುಟ್ಟುತ್ತಾರಾ, ಒಂದನ್ನೂ ಕೇಳಲಿಲ್ಲ. ಮುಂದೆ ಆಗಿದ್ದೆಲ್ಲ ಅಲ್ಲಿಂದಲೇ ಶುರು.

ಮೊದಲ ತೊಂದರೆ: ಭೇದಿ

ಹತ್ತನೇ ದಿನ ಮಗಳು ಫೋನ್ ಮಾಡಿದರು. ಪುಟ್ಟನಿಗೆ ಭೇದಿ ನಿಲ್ಲುತ್ತಿಲ್ಲ. ತೂಕ ಎಷ್ಟು ಅಂತ ಕೇಳಿದೆ. ಅಡುಗೆಮನೆಯ ತೂಕದ ಯಂತ್ರದಲ್ಲಿ ಇಟ್ಟು ನೋಡಿದರು, 630. ಆ ವಯಸ್ಸಿನ ಮರಿ ವಾರಕ್ಕೆ ಸುಮಾರು 100 ಗ್ರಾಂ ಏರಬೇಕು. ಇದು ಇಳಿದಿತ್ತು. ಮರಿಗಳ ವಿಷಯದಲ್ಲಿ ತೂಕ ಇಳಿಯುವುದೇ ಮೊದಲ ಎಚ್ಚರಿಕೆಯ ಗಂಟೆ, ಮುಖ ನೋಡಿ ಚೆನ್ನಾಗಿದೆ ಅಂತ ಕೂತರೆ ಎರಡೇ ದಿನಕ್ಕೆ ಕೈ ಮೀರುತ್ತದೆ. ಅದೇ ಸಂಜೆ ವೈದ್ಯರ ಹತ್ತಿರ ಹೋದೆವು. ನೀರಿನಂಶ ಕಡಿಮೆಯಾಗಿತ್ತು, ಚರ್ಮದಡಿ ದ್ರವ ಕೊಟ್ಟರು. ಮಲ ಪರೀಕ್ಷೆಯಲ್ಲಿ ದುಂಡುಹುಳು ಕಂಡಿತು, ಹುಳದ ಔಷಧ ಕೊಟ್ಟು ಎರಡು ವಾರ ಬಿಟ್ಟು ಮತ್ತೆ ಕೊಡಿ ಅಂದರು.

ಮೂರು ದಿನ ಆದರೂ ಭೇದಿ ಪೂರ್ತಿ ನಿಲ್ಲಲಿಲ್ಲ. ನಾನು ಮನೆಗೆ ಹೋದೆ. ಅಜ್ಜಿ ಕಾಫಿ ಕೊಟ್ಟರು. ಅಡುಗೆಮನೆ ಬಾಗಿಲಲ್ಲಿ ಕ್ಯಾಲೆಂಡರ್ ತೂಗುಹಾಕಿದ್ದರು. ಹಾಲಿನ ಲೆಕ್ಕ ಬರೆಯುತ್ತಾರಲ್ಲ, ಹಾಗೆ ಪ್ರತಿ ತಾರೀಖಿನ ಮೇಲೆ ಪೆನ್ನಿನಲ್ಲಿ ½ ಅಂತ ಬರೆದಿತ್ತು. ಜನವರಿ ಕೊನೇ ವಾರದಿಂದ ಆ ½ ಹೋಗಿ 1 ಆಗಿತ್ತು. ನಾನು ಅದನ್ನೇ ನೋಡುತ್ತಾ ನಿಂತಿದ್ದೆ. ಅಜ್ಜಿ ಮೆಲ್ಲಗೆ ಹೇಳಿದರು, "ಅದು ಕೂಸಲ್ವೇನಮ್ಮ, ಹಾಲು ಕುಡೀದೆ ಹೇಗೆ ಬದುಕತ್ತೆ?"

ಅವರನ್ನು ಬೈಯುವ ಪ್ರಶ್ನೆಯೇ ಇಲ್ಲ. ಬೆಕ್ಕಿಗೆ ಹಾಲು ಅಂತ ನಾವೆಲ್ಲ ಕೇಳಿಕೊಂಡೇ ಬೆಳೆದಿದ್ದೇವೆ. ಆದರೆ ಹಸುವಿನ ಹಾಲಿನಲ್ಲಿರುವ ಲ್ಯಾಕ್ಟೋಸ್ ಬಹಳಷ್ಟು ಬೆಕ್ಕುಗಳಿಗೆ ಅರಗುವುದಿಲ್ಲ, ತಾಯಿ ಹಾಲು ಬಿಟ್ಟ ಮೇಲೆ ಅದನ್ನು ಅರಗಿಸುವ ಶಕ್ತಿ ಕಡಿಮೆಯಾಗುತ್ತಾ ಹೋಗುತ್ತದೆ. ಹಾಲಿನ ಜೊತೆ ಮೊಸರನ್ನವೂ ಹೋಗುತ್ತಿತ್ತು. ಮಗಳು ತಂದಿಟ್ಟ ಮರಿಗಳ ಆಹಾರದ ಪೊಟ್ಟಣ ಬೀರುವಿನ ಮೇಲೆ ಹಾಗೇ ಇತ್ತು. ಪೊಟ್ಟಣದ ಮೇಲೆ ಮೀನಿನ ಚಿತ್ರ. ಅಜ್ಜಿಯ ಮನೆ ಪೂರ್ತಿ ಸಸ್ಯಾಹಾರ, ದಿನಾ ಪೂಜೆ. ಅದನ್ನು ಒಡೆಯಲು ಅವರಿಗೆ ಮನಸ್ಸು ಬಂದಿರಲಿಲ್ಲ, ಮಗಳಿಗೆ ಹೇಳಲು ಸಂಕೋಚ.

ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಬೇಕಾಯಿತು. ನಾಯಿಯಾದರೆ ಹೇಗೋ ನಡೆಯುತ್ತದೆ, ಬೆಕ್ಕಿನದು ಹಾಗಲ್ಲ. ಅದರ ದೇಹ ಮಾಂಸದ ಮೇಲೇ ನಿಂತಿದೆ. ಟಾರಿನ್ ಅಂತ ಒಂದು ಅಂಶ ಬೇಕು. ಅದು ಮಾಂಸ ಮೀನಿನಲ್ಲಿದೆ, ಬೇಳೆ ತರಕಾರಿಯಲ್ಲಿ ಇಲ್ಲ. ಬೆಕ್ಕಿನ ದೇಹ ಅದನ್ನು ಬೇಕಾದಷ್ಟು ತಯಾರಿಸಿಕೊಳ್ಳುವುದೂ ಇಲ್ಲ. ಟಾರಿನ್ ಸಿಗದೆ ಹೋದರೆ ನಿಧಾನಕ್ಕೆ ಕಣ್ಣು ಹೋಗುತ್ತದೆ, ಹೃದಯ ದೊಡ್ಡದಾಗಿ ಸೋಲುತ್ತದೆ. "ಅದು ಮಾಡಿದ ಆಯ್ಕೆ ಅಲ್ಲ ಆಂಟಿ, ಅದರ ಹುಟ್ಟೇ ಹಾಗೆ" ಅಂದೆ. ಅಜ್ಜಿ ತುಂಬಾ ಹೊತ್ತು ಸುಮ್ಮನಿದ್ದರು.

ಆಮೇಲೆ ಅವರೇ ದಾರಿ ಹುಡುಕಿದರು. ಬರೀ ಒಣ ಆಹಾರ, ಅದಕ್ಕೊಂದು ಸ್ಟೀಲ್ ಡಬ್ಬ, ಅದರದೇ ಚಮಚ, ಎಲ್ಲವೂ ಬಟ್ಟೆ ಒಗೆಯುವ ಹಿಂದಿನ ಜಾಗದಲ್ಲಿ. ಅಡುಗೆಮನೆಗೆ ತರುವಂತಿಲ್ಲ. ಹಾಕಿದ ಮೇಲೆ ಕೈ ತೊಳೆದು ಒಳಗೆ. ದಿನಕ್ಕೆ ನಾಲ್ಕು ಸಲ. ಹಾಲು ನಿಲ್ಲಿಸಿದ ನಾಲ್ಕನೇ ದಿನಕ್ಕೆ ಭೇದಿ ನಿಂತಿತು. ಎರಡು ವಾರದಲ್ಲಿ ತೂಕ 850 ದಾಟಿತು. 8 ವಾರ ತುಂಬಿದ ಮೇಲೆ ಹಾಕಬೇಕಿದ್ದ ಮೂರು ರೋಗಗಳ ಲಸಿಕೆಯನ್ನೂ ಆಗ ಹಾಕಿಸಿದೆವು. ಭೇದಿ ಇದ್ದಾಗ ಹಾಕಲು ವೈದ್ಯರು ಒಪ್ಪಿರಲಿಲ್ಲ.

ಇನ್ನೊಂದು ವಿಷಯ ಅದೇ ದಿನ ಕಣ್ಣಿಗೆ ಬಿತ್ತು. ಮನೆಯ ನೆಲ ಹಳೇ ರೆಡ್ ಆಕ್ಸೈಡ್, ಕನ್ನಡಿ ಥರ ಹೊಳೆಯುತ್ತದೆ. ದಿನಾ ಫಿನಾಯಿಲ್ ಹಾಕಿ ಒರೆಸುತ್ತಿದ್ದರು. ಬೆಕ್ಕು ಆ ಒದ್ದೆ ನೆಲದ ಮೇಲೆ ನಡೆದು ಆಮೇಲೆ ಪಾದ ನೆಕ್ಕಿಕೊಳ್ಳುತ್ತದೆ. ಫೀನಾಲ್ ಜಾತಿಯ ವಸ್ತುಗಳನ್ನು ಒಡೆದು ಹೊರಹಾಕುವ ವ್ಯವಸ್ಥೆ ಬೆಕ್ಕಿನ ಯಕೃತ್ತಿನಲ್ಲಿ ತುಂಬಾ ದುರ್ಬಲ. ಡೆಟ್ಟಾಲ್ ಕೂಡ ಅದೇ ಸಾಲಿಗೆ ಸೇರುತ್ತದೆ. ನಮ್ಮ ತಲೆನೋವಿನ ಪ್ಯಾರಸಿಟಮಾಲ್ ಅಂತೂ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಹುದು. ಫಿನಾಯಿಲ್ ನಿಂತಿತು, ಸೋಪಿನ ನೀರು ಬಂತು.

ಎರಡನೇ ತೊಂದರೆ: ಕಚ್ಚುವುದು

ಆರೋಗ್ಯ ಬಂದ ಮೇಲೆ ಪುಟ್ಟನ ನಿಜವಾದ ಶಕ್ತಿ ಗೊತ್ತಾಯಿತು. ಸೆರಗು ಹಿಡಿದು ನೇತಾಡುವುದು, ಕಾಲಿಗೆ ಹಾರಿ ಕಚ್ಚುವುದು, ಬೆಳಗಿನ ಜಾವ 4 ಗಂಟೆಗೆ ಹಾಸಿಗೆಯ ಮೇಲೆ ಓಡುವುದು. ಮರಿಗಳು ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅಂತ ಕಲಿಯುವುದು ಒಡಹುಟ್ಟಿದ ಮರಿಗಳ ಜೊತೆ ಕುಸ್ತಿ ಆಡುತ್ತಾ. ಜೋರಾಗಿ ಕಚ್ಚಿದರೆ ಇನ್ನೊಂದು ಕಿರುಚುತ್ತದೆ, ಆಟ ನಿಲ್ಲುತ್ತದೆ. ತಾಯಿಯೂ ಒಂದು ಏಟು ಹಾಕುತ್ತಾಳೆ. ಅದಕ್ಕೇ 12 ವಾರದವರೆಗೆ ತಾಯಿ, ಒಡಹುಟ್ಟುಗಳ ಜೊತೆ ಇದ್ದರೆ ಒಳ್ಳೆಯದು ಅನ್ನುವುದು. ಪುಟ್ಟನಿಗೆ 5 ವಾರಕ್ಕೇ ಎಲ್ಲರೂ ಹೋದರು. ಅದಕ್ಕೆ ಉಳಿದ ಒಡಹುಟ್ಟು ಅಂದರೆ ಅಜ್ಜಿಯ ಕೈ.

ಒಂದು ಶನಿವಾರ ಮಗಳು ಬಂದಾಗ ಅಮ್ಮನ ಎರಡೂ ಮುಂಗೈಯಲ್ಲಿ ಅರಿಸಿನದ ಕಲೆ ಇತ್ತು. ಗಾಯಕ್ಕೆ ಅರಿಸಿನ ಹಚ್ಚಿಕೊಂಡಿದ್ದರು. ಆಗ ನನಗೆ ಗೊತ್ತಾದ ಸಂಗತಿ, ಅಜ್ಜಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದೆ, ರಕ್ತ ತೆಳುವಾಗಿಸುವ ಮಾತ್ರೆ ದಿನಾ ತಗೊಳ್ತಾರೆ. ಒಂದು ಸಣ್ಣ ಗೀರು ಬಿದ್ದರೂ ರಕ್ತ ಬೇಗ ನಿಲ್ಲುವುದಿಲ್ಲ.

ಇಲ್ಲಿ ಒಂದು ನಿಮಿಷ ನಿಲ್ಲುತ್ತೇನೆ. ಬೀದಿಯಿಂದ ಬಂದ, ರೇಬೀಸ್ ಲಸಿಕೆ ಆಗದ ಮರಿ ಕಚ್ಚಿ ರಕ್ತ ಬಂದರೆ ಅರಿಸಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ನಲ್ಲಿಯ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆಯಬೇಕು, ಅದೇ ದಿನ ವೈದ್ಯರ ಹತ್ತಿರ ಹೋಗಬೇಕು. ಮರಿಗೆ ರೇಬೀಸ್ ಲಸಿಕೆ ಹಾಕುವುದು 3 ತಿಂಗಳು ತುಂಬಿದ ಮೇಲೆ, ಅಲ್ಲಿಯವರೆಗೆ ಹುಷಾರಾಗಿರುವುದು ನಮ್ಮ ಕೆಲಸ. ಮರಿ ಮುದ್ದಾಗಿದೆ, ಮನೆಯಲ್ಲೇ ಇದೆ ಅಂತ ಬಿಟ್ಟುಬಿಡುವವರು ತುಂಬಾ ಜನ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಏನೂ ಮಾಡಲು ಆಗುವುದಿಲ್ಲ. ಅಜ್ಜಿಯನ್ನು ಅವತ್ತೇ ಕರೆದುಕೊಂಡು ಹೋದರು, ಮಾತ್ರೆಯ ವಿಷಯವನ್ನೂ ಹೇಳಿದರು, ಇಂಜೆಕ್ಷನ್ ಶುರುವಾಯಿತು.

ಕಚ್ಚುವುದನ್ನು ಬಿಡಿಸಲು ಏನೇನು ಮಾಡಿದೆವು? ಮೊದಲು ಮಗಳು ಇಸ್ತ್ರಿಗೆ ಬಳಸುವ ನೀರಿನ ಸ್ಪ್ರೇ ಇಟ್ಟುಕೊಂಡರು. ಕಚ್ಚಿದಾಗ ಮುಖಕ್ಕೆ ನೀರು. ಅದು ಕೆಟ್ಟ ಉಪಾಯ, ನಾನು ಬೇಡ ಅಂದೆ. ಮರಿ ಕಲಿತದ್ದು ಮಗಳನ್ನು ಕಂಡರೆ ಮಂಚದಡಿ ಓಡುವುದನ್ನು ಮಾತ್ರ. ಆಮೇಲೆ ಕೋಲಿಗೆ ದಾರ, ದಾರದ ತುದಿಗೆ ಬಟ್ಟೆ ಚೂರು ಕಟ್ಟಿದೆವು. ಕೈ ಎಂದೂ ಆಟದ ಸಾಮಾನು ಆಗಬಾರದು, ಕಚ್ಚಿದರೆ ಕೈ ಎಳೆದುಕೊಳ್ಳದೆ ಅಲ್ಲಾಡದೆ ಹಿಡಿದು, ಬಿಟ್ಟ ತಕ್ಷಣ ಎದ್ದು ಹೋಗಬೇಕು. ಊಟಕ್ಕೆ ಮುಂಚೆ ಹತ್ತು ಹದಿನೈದು ನಿಮಿಷ ಓಡಾಡಿಸಿ, ಆಮೇಲೆ ತಿನ್ನಿಸಿದರೆ ಬೆಕ್ಕು ಮೈ ನೆಕ್ಕಿಕೊಂಡು ಮಲಗುತ್ತದೆ. ಬೇಟೆ, ಊಟ, ನಿದ್ದೆ, ಅದರ ಸ್ವಭಾವವೇ ಆ ಕ್ರಮದಲ್ಲಿದೆ.

ಶನಿವಾರ ಭಾನುವಾರ ಇದು ಚೆನ್ನಾಗಿ ನಡೆಯಿತು. ಮಗಳು ಇದ್ದ ದಿನ ಪುಟ್ಟ ರಾತ್ರಿಯೆಲ್ಲ ಮಲಗಿತು. ಸೋಮವಾರದಿಂದ ಮತ್ತೆ ಅದೇ ಕಥೆ. ಅಜ್ಜಿಗೆ ದಿನಕ್ಕೆ ನಾಲ್ಕು ಸಲ ಕೋಲು ಹಿಡಿದು ಆಡಿಸಲು ಮಂಡಿ ಬಿಡಲಿಲ್ಲ. ಕುರ್ಚಿಯಲ್ಲಿ ಕೂತು ಆಡಿಸುತ್ತಿದ್ದರು, ಐದು ನಿಮಿಷಕ್ಕೆ ಕೈ ಸೋಲುತ್ತಿತ್ತು. ವಿಧಾನ ಸರಿಯಾಗಿಯೇ ಇತ್ತು. ಅದನ್ನು ದಿನಾ ಮಾಡಬೇಕಾದವರ ಮೈ ಕೇಳುತ್ತಿರಲಿಲ್ಲ.

ತಿರುವು

ಮಾರ್ಚ್‌ನಲ್ಲಿ ಒಂದು ದಿನ ಮನೆಗೆಲಸದವರು ಮಗಳಿಗೆ ಫೋನ್ ಮಾಡಿದರು. ಎರಡು ದಿನದ ಹಿಂದೆ ಬೆಳಗ್ಗೆ ಬಚ್ಚಲಿಗೆ ಹೋಗುವಾಗ ಕತ್ತಲಲ್ಲಿ ಪುಟ್ಟ ಕಾಲಿಗೆ ಅಡ್ಡ ಬಂದು ಅಮ್ಮಾವ್ರು ಮುಗ್ಗರಿಸಿದರು, ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಕ್ಕೆ ಬೀಳಲಿಲ್ಲ, ಮಣಿಕಟ್ಟು ಊದಿದೆ, ನಿಮಗೆ ಹೇಳಬೇಡ ಅಂದಿದ್ದಾರೆ. ಎಕ್ಸ್‌ರೇ ತೆಗೆಸಿದರು. ಮೂಳೆ ಮುರಿದಿರಲಿಲ್ಲ. ಮೊಣಕೈವರೆಗೆ ಕಪ್ಪುನೀಲಿ ಆಗಿತ್ತು.

ಅಜ್ಜಿ ಯಾಕೆ ಮುಚ್ಚಿಟ್ಟರು? ಗೊತ್ತಾದರೆ ಪುಟ್ಟನನ್ನು ಕಳಿಸಿಬಿಡುತ್ತಾರೆ ಅಂತ.

ಆ ಭಾನುವಾರ ಮೂವರೂ ಕೂತೆವು. ನಮ್ಮ ಮುಂದೆ ಮೂರು ದಾರಿ ಇತ್ತು. ಹೀಗೇ ತಡೆದುಕೊಳ್ಳುವುದು, ವರ್ಷ ತುಂಬುವ ಹೊತ್ತಿಗೆ ಮರಿ ತಣ್ಣಗಾಗುತ್ತದೆ. ಎರಡನೆಯದು, ಇನ್ನೊಂದು ಮರಿ ತರುವುದು. ಬೇರೆ ಮನೆಯಾಗಿದ್ದರೆ ನಾನು ಕಣ್ಣು ಮುಚ್ಚಿ ಅದನ್ನೇ ಹೇಳುತ್ತಿದ್ದೆ. ಎರಡು ಮರಿ ಇದ್ದರೆ ಒಂದನ್ನೊಂದು ಕಚ್ಚಿಕೊಂಡು ಕಲಿಯುತ್ತವೆ, ಮನುಷ್ಯರ ಕೈಕಾಲು ಉಳಿಯುತ್ತದೆ. ಮಗಳಿಗೂ ಅದೇ ಮನಸ್ಸಿತ್ತು. ಆದರೆ ಇಲ್ಲಿ ಕಾಲಿಗೆ ಅಡ್ಡ ಬರುವುದು ಒಂದಿದ್ದದ್ದು ಎರಡಾಗುತ್ತದೆ. ಮೂರನೆಯದು, ಪುಟ್ಟನಿಗೆ ಬೇರೆ ಮನೆ.

ನಾನು ಅಜ್ಜಿಯನ್ನು ಒಂದು ಪ್ರಶ್ನೆ ಕೇಳಿದೆ. ಕೇಳಲು ಕಷ್ಟವಾಯಿತು. ಮನೆಯೊಳಗೇ ಇರುವ ಬೆಕ್ಕು 15 ವರ್ಷ ಬದುಕಬಹುದು, ಇನ್ನೂ ಜಾಸ್ತಿಯೂ ಬದುಕಬಹುದು. ಆಗ ನಿಮಗೆ 85 ದಾಟಿರುತ್ತದೆ. ಮಧ್ಯೆ ನಿಮಗೆ ಹುಷಾರಿಲ್ಲದಿದ್ದರೆ ಪುಟ್ಟ ಎಲ್ಲಿಗೆ? ಅಜ್ಜಿ ಮಗಳ ಮುಖ ನೋಡಿದರು. ಮಗಳು ತಲೆ ತಗ್ಗಿಸಿದರು. ಅಳಿಯನಿಗೆ ಬೆಕ್ಕು ಆಗುವುದಿಲ್ಲ. ಹತ್ತಿರ ಬಂದರೆ ಸೀನು, ಉಬ್ಬಸ. ಅದು ಕೂದಲಿನಿಂದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ನಿಜಕ್ಕೂ ಬೆಕ್ಕಿನ ಎಂಜಲು ಮತ್ತು ಚರ್ಮದಲ್ಲಿರುವ ಒಂದು ಪ್ರೋಟೀನಿನಿಂದ, ಬೆಕ್ಕು ಮೈ ನೆಕ್ಕಿದಾಗ ಅದು ಕೂದಲಿಗೆ ಅಂಟಿ ಮನೆಯೆಲ್ಲ ಹರಡುತ್ತದೆ. ಕೂದಲು ಬೋಳಿಸಿದರೂ ಹೋಗುವುದಲ್ಲ. ಅಂದರೆ ಈ ಮರಿಗೆ ಮುಂದಿನ ದಾರಿಯೇ ಇರಲಿಲ್ಲ. ಈ ಪ್ರಶ್ನೆಯನ್ನು ಜನವರಿಯಲ್ಲೇ ಕೇಳಬೇಕಿತ್ತು.

"ಪುಟ್ಟನನ್ನು ನನಗೆ ವಾಪಸ್ ಕೊಡಿ ಆಂಟಿ" ಅಂದೆ.

ಅಜ್ಜಿ ಅತ್ತರು. ಮನೆಗೆ ಬಂದ ಜೀವವನ್ನು ಹೊರಗೆ ಹಾಕಿದ ಪಾಪ ತಟ್ಟುತ್ತದೆ ಅಂದರು. ಬೆಕ್ಕು ಬೇಡವಾದರೆ ಗೋಣಿಚೀಲದಲ್ಲಿ ಹಾಕಿ ದೂರದ ಮಾರ್ಕೆಟ್ ಹತ್ತಿರ ಬಿಟ್ಟು ಬರುವುದನ್ನು ಅವರು ಚಿಕ್ಕಂದಿನಿಂದ ನೋಡಿದ್ದಾರೆ. ಹಾಗೆ ಅನ್ನ ನೀರಿಲ್ಲದ ಕಡೆ ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೇ. ಆದರೆ ತಂದುಕೊಟ್ಟವರ ಕೈಗೆ ವಾಪಸ್ ಕೊಡುವುದು ಬೇರೆ. ಅದನ್ನು ಅವರಿಗೆ ಬಿಡಿಸಿ ಹೇಳಲು ಅರ್ಧ ಗಂಟೆ ಬೇಕಾಯಿತು. ಮರಿ ತಗೊಂಡ ಎಷ್ಟೋ ಜನ ನಾಚಿಕೆಗೆ, ನಾವು ಬೈಯುತ್ತೇವೆ ಅನ್ನುವ ಭಯಕ್ಕೆ, ಕಷ್ಟ ಆದಾಗ ಫೋನ್ ಮಾಡುವುದಿಲ್ಲ. ಆಮೇಲೆ ಬಾಗಿಲು ತೆರೆದಿತ್ತು, ಓಡಿಹೋಯಿತು ಅನ್ನುತ್ತಾರೆ. ಹಾಗೆ ಕೋಪ ತೋರಿಸಿ ನಾನೂ ಹಿಂದೆ ಒಂದಿಬ್ಬರ ಬಾಯಿ ಮುಚ್ಚಿಸಿರಬಹುದು, ಅದನ್ನು ನೆನೆದರೆ ಸಂಕಟವಾಗುತ್ತದೆ.

ಪುಟ್ಟ ಯುಗಾದಿಗೆ ಎರಡು ದಿನ ಮುಂಚೆ ನನ್ನ ಮನೆಗೆ ಬಂತು. ಅದೇ ತಿಂಗಳು ಅದಕ್ಕೊಂದು ಮನೆ ಸಿಕ್ಕಿತು. ಅಲ್ಲಿ ಅದೇ ವಯಸ್ಸಿನ ಇನ್ನೊಂದು ಗಂಡುಮರಿ ಇತ್ತು, ಪಿಯುಸಿ ಓದುವ ಹುಡುಗ ಇದ್ದ. ಮೊದಲ ಎರಡು ವಾರ ಬೇರೆ ಕೋಣೆಯಲ್ಲಿಟ್ಟು, ಬಾಗಿಲ ಸಂದಿಯಲ್ಲಿ ವಾಸನೆ ಪರಿಚಯ ಮಾಡಿಸಿ, ಆಮೇಲೆ ಬಿಟ್ಟರು.

ಎರಡನೇ ಸಲ

ನಾನು ಅಜ್ಜಿಗೆ ತಕ್ಷಣ ಇನ್ನೊಂದು ಬೆಕ್ಕು ಕೊಡಲಿಲ್ಲ. ಬೇಕೇ ಬೇಕು ಅಂತ ಅವರೇ ಕೇಳುವ ತನಕ ಕಾದೆ. ಮೇ ತಿಂಗಳಲ್ಲಿ ಅವರೇ ಫೋನ್ ಮಾಡಿದರು. "ಡಬ್ಬದಲ್ಲಿ ಇನ್ನೂ ಅದರ ಊಟ ಉಳಿದಿದೆ ಕಣಮ್ಮ" ಅಂದರು, ಬೇರೇನೂ ಹೇಳಲಿಲ್ಲ.

ಈ ಸಲ ಬೆಕ್ಕಿನ ಫೋಟೋ ಕಳಿಸಲಿಲ್ಲ. ಮೊದಲು ಅಜ್ಜಿಯ ದಿನವನ್ನು ಬರೆದುಕೊಂಡೆ. 5ಕ್ಕೆ ಏಳುವುದು, 7ರ ತನಕ ಪೂಜೆ, ಮಧ್ಯಾಹ್ನ ಎರಡು ಗಂಟೆ ನಿದ್ದೆ, ಸಂಜೆ ಟಿವಿ, 9ಕ್ಕೆ ಹಾಸಿಗೆ. ಬಗ್ಗಲು ಆಗುವುದಿಲ್ಲ. ಎತ್ತಿಕೊಳ್ಳುವ ಆಸೆ ಇಲ್ಲ, ಪಕ್ಕದಲ್ಲಿ ಕೂತರೆ ಸಾಕು. ಈ ದಿನಕ್ಕೆ ಹೊಂದುವುದು ದಿನದ ಹೆಚ್ಚು ಭಾಗ ಮಲಗುವ, ಸ್ವಭಾವ ಏನು ಅಂತ ಆಗಲೇ ಗೊತ್ತಿರುವ ದೊಡ್ಡ ಬೆಕ್ಕು. ಮರಿ ಮುಂದೆ ಹೇಗಾಗುತ್ತದೆ ಅಂತ ಯಾರೂ ಹೇಳಲಾರರು. ಆರು ವರ್ಷದ ಬೆಕ್ಕು ಆಗಲೇ ತಾನು ಏನೋ ಅದಾಗಿದೆ.

ನನಗೆ ಗೊತ್ತಿರುವ ಒಬ್ಬರ ಮನೆಯಲ್ಲಿ ಅಂಥದ್ದೊಂದು ನಾಲ್ಕು ತಿಂಗಳಿಂದ ಕಾಯುತ್ತಿತ್ತು. ಬೂದು ಪಟ್ಟೆಯ ಹೆಣ್ಣು, ಸಾಕಿದವರು ವಿದೇಶಕ್ಕೆ ಹೋಗಿದ್ದರು. ಆಪರೇಷನ್ ಆಗಿತ್ತು. ಎಲ್ಲರೂ ಮರಿ ಕೇಳುತ್ತಾರೆ, ಪಟ್ಟೆ ಬೆಕ್ಕು ಬೀದಿಯಲ್ಲೇ ಇದೆಯಲ್ಲ ಅನ್ನುತ್ತಾರೆ. ಅಜ್ಜಿಯನ್ನು ಮೂರು ಸಲ ಅಲ್ಲಿಗೆ ಕರೆದುಕೊಂಡು ಹೋದೆ. ಸುಮ್ನೆ ಕೂತಿರಿ, ಕರೆಯಬೇಡಿ, ದಿಟ್ಟಿಸಬೇಡಿ, ನೋಡಿದರೆ ನಿಧಾನಕ್ಕೆ ಕಣ್ಣು ಮುಚ್ಚಿ ತೆರೆಯಿರಿ ಅಂತ ಹೇಳಿದ್ದೆ. 2020ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ, ಹಾಗೆ ಕಣ್ಣು ಮಿಟುಕಿಸಿದ ಮನುಷ್ಯರ ಹತ್ತಿರ ಬೆಕ್ಕುಗಳು ಜಾಸ್ತಿ ಬರುತ್ತವೆ. ಮೊದಲ ದಿನ ಬೆಕ್ಕು ಕಿಟಕಿಯಿಂದ ಇಳಿಯಲಿಲ್ಲ. ಎರಡನೇ ದಿನ ಚಪ್ಪಲಿ ಮೂಸಿತು. ಮೂರನೇ ದಿನ ಸೋಫಾದ ಇನ್ನೊಂದು ತುದಿಯಲ್ಲಿ ಬಂದು ಕೂತಿತು. ಒಂದು ಗಂಟೆ ಇಬ್ಬರೂ ಹಾಗೇ ಕೂತಿದ್ದರು.

ತಗೊಳ್ಳುವ ಮುಂಚೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ದೊಡ್ಡ ಬೆಕ್ಕಾದ್ದರಿಂದ ಮೂತ್ರಪಿಂಡ, ಹಲ್ಲು, ಜೊತೆಗೆ ಬೆಕ್ಕಿನ ರೋಗನಿರೋಧಕ ಶಕ್ತಿ ಕುಂದಿಸುವ ಎಫ್‌ಐವಿ ಮತ್ತು ಲ್ಯುಕೇಮಿಯಾ ವೈರಸ್. ಎಲ್ಲ ಸರಿ ಇತ್ತು. ಅಜ್ಜಿಗೆ ಆಗದೇ ಹೋದರೆ ಬೆಕ್ಕು ವಾಪಸ್ ಯಾರ ಮನೆಗೆ ಅಂತಲೂ ಕಾಗದದಲ್ಲಿ ಬರೆದೆವು. ಅದು ನನ್ನ ಮನೆ. ಹಳೇ ಇಂಗ್ಲಿಷ್ ಹೆಸರು ಅಜ್ಜಿಯ ನಾಲಿಗೆಗೆ ಒಗ್ಗಲಿಲ್ಲ, ಸುಬ್ಬಿ ಅಂತ ಕರೆದರು.

ಎಲ್ಲವೂ ಸಲೀಸಾಗಿ ಆಯಿತು ಅಂದುಕೊಳ್ಳಬೇಡಿ. ಸುಬ್ಬಿ ಬಂದ ಗಳಿಗೆಯಿಂದ ದಿವಾನದ ಅಡಿ ಸೇರಿಕೊಂಡಿತು. ಹಳೇ ಮನೆಯ ಹಾಸುಬಟ್ಟೆ, ಮಲಮೂತ್ರದ ತಟ್ಟೆಗೆ ಅದೇ ಮರಳು, ಅದೇ ಊಟ, ಒಂದೇ ಕೋಣೆ, ಎಲ್ಲ ವ್ಯವಸ್ಥೆ ಮಾಡಿದ್ದೆವು. ಹೊರಗೆ ಬರಲಿಲ್ಲ, ತಿನ್ನಲೂ ಇಲ್ಲ. ಅಡಗುವುದು ತೊಂದರೆ ಅಲ್ಲ, ಅದಕ್ಕೆ ದಿನ ವಾರ ಕೊಡಬೇಕು. ತಿನ್ನದಿರುವುದು ಬೇರೆ. ದೊಡ್ಡ ಬೆಕ್ಕು ಎರಡು ಮೂರು ದಿನ ಉಪವಾಸ ಇದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಬರಬಹುದು. ಎರಡನೇ ದಿನ ಸಂಜೆ ವೈದ್ಯರಿಗೆ ಫೋನ್ ಮಾಡಿದೆ. ಬೆಚ್ಚಗಿನ, ವಾಸನೆ ಬರುವ ಆಹಾರ ಇಟ್ಟು ನೋಡಿ, ಬೆಳಗ್ಗೆವರೆಗೆ ತಿನ್ನದಿದ್ದರೆ ಕರೆತನ್ನಿ ಅಂದರು.

ನಾಲ್ಕು ತಿಂಗಳು ಸುಬ್ಬಿಯನ್ನು ಇಟ್ಟುಕೊಂಡಿದ್ದವರು ಉಪ್ಪು ಮಸಾಲೆ ಹಾಕದೆ ಬೇಯಿಸಿದ ಕೋಳಿ ತುಂಡನ್ನು ಸಣ್ಣ ಡಬ್ಬದಲ್ಲಿ ತಂದರು. ಗೇಟಿನ ಹತ್ತಿರವೇ ನಿಂತರು, ಒಳಗೆ ಬರಲಿಲ್ಲ. ನಾನು ಹೊರಗಿನ ಮೆಟ್ಟಿಲ ಹತ್ತಿರ ಏನಾದರೂ ಮಾಡೋಣ ಅಂದುಕೊಳ್ಳುತ್ತಿದ್ದೆ. ಅಜ್ಜಿ ಬಾಲ್ಕನಿಯಿಂದ ನೋಡಿದರು. ಒಳಗೆ ಹೋಗಿ ದೇವರ ಕೋಣೆಯ ಬಾಗಿಲು ಎಳೆದು ಬಂದರು. "ಮೇಲೆ ತಗೊಂಡು ಬನ್ನಿ. ಅದರ ಹಸಿವು ಅದಕ್ಕೆ" ಅಂದರು.

ರಾತ್ರಿ ಹನ್ನೊಂದರ ಹೊತ್ತಿಗೆ ದಿವಾನದ ಅಡಿಯಿಂದ ಸದ್ದು ಬಂತಂತೆ. ಬೆಳಗ್ಗೆ ಬಟ್ಟಲು ಖಾಲಿ.

ಐದನೇ ದಿನ ಸುಬ್ಬಿ ಕೋಣೆಯಿಂದ ಹೊರಗೆ ಬಂತು. ಮೂರನೇ ವಾರ ಹಾಸಿಗೆಯ ಕಾಲ ಕಡೆ ಮಲಗಲು ಶುರು ಮಾಡಿತು. ಮಧ್ಯದಲ್ಲಿ ಎರಡು ದಿನ ಬಚ್ಚಲ ಮುಂದಿನ ಕಾಲೊರಸಿನ ಮೇಲೆ ಮೂತ್ರ ಮಾಡಿತು. ಮಗಳು ಗಾಬರಿಯಾದರು, ಮತ್ತೆ ಶುರುವಾಯಿತಾ ಅಂತ. ವಿಚಾರಿಸಿದರೆ ಮನೆಗೆಲಸದವರು ಊರಿಗೆ ಹೋಗಿದ್ದಾಗ ಬದಲಿಗೆ ಬಂದವರು ಮರಳಿನ ತಟ್ಟೆಯನ್ನೇ ಫಿನಾಯಿಲ್ ಹಾಕಿ ತಿಕ್ಕಿದ್ದರು. ತಟ್ಟೆ ಹೊಸದು ತಂದೆವು, ಸರಿಹೋಯಿತು. ಬೆಕ್ಕು ಹೊರಗಡೆ ಮಾಡಿದರೆ ಬೈಯುವ ಮುಂಚೆ ತಟ್ಟೆಯನ್ನು ಮೂಸಿ ನೋಡಿ. ತಟ್ಟೆಯಲ್ಲಿ ಅಂಥ ವಾಸನೆ ಏನೂ ಇಲ್ಲದಿದ್ದರೆ ಮೂತ್ರ ಪರೀಕ್ಷೆ ಮಾಡಿಸಿ, ಗಂಡು ಬೆಕ್ಕು ಮುಕ್ಕರಿದರೂ ಮೂತ್ರ ಬರದಿದ್ದರೆ ಗಂಟೆ ಲೆಕ್ಕದಲ್ಲಿ ಆಸ್ಪತ್ರೆಗೆ ಓಡಿ.

ತಟ್ಟೆ ಬಗ್ಗಿ ಎತ್ತಲು ಅಜ್ಜಿಗೆ ಆಗಲ್ಲ ಅಂತ ಅದನ್ನು ಒಂದು ಗಟ್ಟಿ ಸ್ಟೂಲಿನ ಮೇಲೆ ಇಟ್ಟಿದ್ದೇವೆ, ಹತ್ತಲು ಪಕ್ಕದಲ್ಲಿ ಒಂದು ಮಣೆ. ಬಚ್ಚಲ ದಾರಿಯಲ್ಲಿ ರಾತ್ರಿ ಸಣ್ಣ ದೀಪ ಉರಿಯುತ್ತದೆ. ಸುಬ್ಬಿಯ ಕೊರಳಪಟ್ಟಿಗೆ ಗೆಜ್ಜೆ ಇದೆ, ಎಲ್ಲಿಗಾದರೂ ಸಿಕ್ಕಿಕೊಂಡರೆ ತಾನೇ ಬಿಚ್ಚಿಕೊಳ್ಳುವಂಥ ಪಟ್ಟಿ. ಪುಟ್ಟ ಇದ್ದಾಗಲೇ ದೀಪ, ಗೆಜ್ಜೆ ಹಾಕಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹಾಕಬಹುದಿತ್ತು. ಮುಗ್ಗರಿಸುವುದು ಕಡಿಮೆಯಾಗುತ್ತಿತ್ತೇನೋ. ಕಚ್ಚುವುದು, ಆಡಿಸಲು ಆಗದಿರುವುದು, ಹದಿನೈದು ವರ್ಷದ ಪ್ರಶ್ನೆ, ಇವು ಹಾಗೇ ಇರುತ್ತಿದ್ದವು.

ಪುಟ್ಟ ಈಗ ನಾಲ್ಕೂವರೆ ಕಿಲೋ. ಆಪರೇಷನ್ ಆಗಿದೆ. ಜೊತೆಗಾರನ ಮೇಲೆ ದಿನವಿಡೀ ಕುಸ್ತಿ, ಮನುಷ್ಯರ ಕೈ ಕಚ್ಚುವುದು ಹತ್ತಿರ ಹತ್ತಿರ ನಿಂತೇಹೋಗಿದೆ. ವಿಡಿಯೋ ಬಂದಾಗಲೆಲ್ಲ ಅಜ್ಜಿಗೆ ಕಳಿಸುತ್ತೇನೆ. ಅವರು ಅದನ್ನು ಎರಡು ಸಲ ನೋಡಿ ಆಮೇಲೆ ಸುಬ್ಬಿಗೂ ತೋರಿಸುತ್ತಾರಂತೆ.

ದಸರಾಗೆ ಅಜ್ಜಿಯ ಮನೆಗೆ ಹೋಗಿದ್ದೆ. ಎರಡು ವರ್ಷದ ಮೇಲೆ ಗೊಂಬೆ ಕೂರಿಸಿದ್ದರು. ಸುಬ್ಬಿ ಕೆಳಗಿನ ಮೆಟ್ಟಿಲ ತುದಿಯಲ್ಲಿ ಮಲಗಿತ್ತು, ಒಂದು ಗೊಂಬೆಯೂ ಉರುಳಿರಲಿಲ್ಲ. ಕಾಫಿ ತಗೊಳ್ಳಲು ಅಡುಗೆಮನೆಗೆ ಹೋದೆ. ಬಾಗಿಲಲ್ಲಿ ಅದೇ ಕ್ಯಾಲೆಂಡರ್. ಹಾಲಿನ ಲೆಕ್ಕ ಮತ್ತೆ ½ಕ್ಕೆ ಬಂದಿತ್ತು. ಪ್ರತಿ ತಿಂಗಳ ಒಂದನೇ ತಾರೀಖಿನ ಕೆಳಗೆ ಇನ್ನೊಂದು ಅಂಕಿ ಇತ್ತು. ಜೂನ್ 3.6, ಜುಲೈ 3.7, ಆಗಸ್ಟ್ 3.9, ಸೆಪ್ಟೆಂಬರ್ 3.9. "ಅಕ್ಟೋಬರಿಂದು ಮಗಳು ಬಂದ ಮೇಲೆ ತೂಗ್ತೀನಿ, ಎತ್ತಕ್ಕೆ ಆಗಲ್ಲ" ಅಂದರು ಅಜ್ಜಿ, ಲೋಟ ನನ್ನ ಕೈಗಿಡುತ್ತಾ.